ಮೂರು ಡಬ್ಲ್ಯೂಗಳ ಜಂಬ

ನನ್ನ ಬುದ್ಧಿವಂತಿಕೆಯ ಬಗ್ಗೆ ನನಗಿದ್ದಷ್ಟು ಗೌರವ ಬೇರೆ ಯಾರಿಗೂ ಇರಲಿಲ್ಲ. ಮಕ್ಕಳ ಪುಸ್ತಕ ಪ್ರಕಟಿಸುವ ನಮ್ಮ ಕಚೇರಿಗೆ ಚಿತ್ರ ಬರೆಯುವವರು ಬೇಕಾಗಿದ್ದರು. ಅರ್ಜಿಯಲ್ಲಿ ಅವರವರ ವೆಬ್ ವಿಳಾಸ ಇರುತ್ತದೆ. ಅದರಿಂದ ತಾಣದ ಹೆಸರನ್ನು ಬಿಡಿಸಿ ಪಟ್ಟಿ ಮಾಡುವ ಕೋಡ್ ನನ್ನ ಪಾಲಿಗೆ ಬಂತು.

“ಅದಕ್ಕೆ ರೆಡಿ ಫಂಕ್ಷನ್ ಇದೆ, ಅದನ್ನೇ ಹಾಕ್ಬಿಡಿ,” ಎಂದರು ಪಕ್ಕದ ಮೇಜಿನ ಹಿರಿಯರು.

ರೆಡಿಯದ್ದು ಹಾಕಲು ನಾನೇನು ಕೈಲಾಗದವನೇ? ನಾನೇ ರೆಗೆಕ್ಸ್ ಬರೆದೆ, ಅಂದರೆ ಅಕ್ಷರಗಳನ್ನು ಹೊಂದಿಸಿ ನೋಡುವ ಅಚ್ಚು. ಚುಕ್ಕೆ, ಆವರಣ, ಓರೆಗೆರೆಗಳೆಲ್ಲ ಸೇರಿದ ಒಂದೇ ಸಾಲು. ಆ ಅಚ್ಚಿಗೆ ಹೊಂದುವ ವಿಳಾಸದಿಂದ ಬೇಕಾದ ತುಂಡನ್ನು ಹಿಡಿದು ಕೊಡುತ್ತದೆ, ಹೊಂದದ್ದನ್ನು ‘ತಪ್ಪು ವಿಳಾಸ’ ಎಂದು ಪಕ್ಕಕ್ಕೆ ತಳ್ಳುತ್ತದೆ. ನನ್ನದೇ ತಾಣದ ವಿಳಾಸ ಕೊಟ್ಟು ಪರೀಕ್ಷಿಸಿದೆ. ಪಾಸ್. ಅದನ್ನೇ ಇನ್ನೊಮ್ಮೆ ಕೊಟ್ಟೆ. ಮತ್ತೆ ಪಾಸ್. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನನ್ನ ತಂಗಿಯೂ ಅರ್ಜಿ ಹಾಕಿದ್ದಳು. ಎರಡು ವರ್ಷದಿಂದ ಅವಳು ಕಾಯುತ್ತಿದ್ದ ಅವಕಾಶ. ವಾರ ಕಳೆದರೂ ಕರೆ ಬರಲಿಲ್ಲ. ನಾನು ಪಟ್ಟಿ ತೆರೆದು ನೋಡಲಿಲ್ಲ. ನನ್ನ ಕೋಡ್ ತಪ್ಪುವುದುಂಟೇ? ಬದಲಿಗೆ ಉಪದೇಶ ಶುರು ಮಾಡಿದೆ.

“ನಿನ್ನ ಕೈ ಇನ್ನೂ ಪಳಗ್ಬೇಕು ಕಣೇ.”

ಅವಳು ಹೌದೆಂದು ತಲೆಯಾಡಿಸಿದಳು.

ಆಯ್ಕೆಯ ಕೊನೆಯ ದಿನ ಸಂಪಾದಕಿ ಕೇಳಿದರು, “ಬಂದಿರೋದು ಒಂಬತ್ತೇ ಅರ್ಜಿನಾ?”

ಪಕ್ಕಕ್ಕೆ ತಳ್ಳಿದ್ದನ್ನು ತೆರೆದೆ. ಅರವತ್ತೊಂದು ಇದ್ದವು, ಎಲ್ಲವೂ ಸರಿಯಾದ ವಿಳಾಸಗಳೇ. ನನ್ನ ತಾಣದ ವಿಳಾಸ ಮೂರು ಡಬ್ಲ್ಯೂಗಳಿಂದ ಶುರುವಾಗುತ್ತದೆ. ಹಾಗಾಗಿ ಲೋಕದ್ದೆಲ್ಲ ಹಾಗೇ ಶುರುವಾಗಬೇಕೆಂದು ಬರೆದಿಟ್ಟಿದ್ದೆ, ಮಹಾನುಭಾವ. ಮೊದಲನೆಯದೇ ತಂಗಿಯದು.

ತಲೆ ತಗ್ಗಿಸಿ ತಪ್ಪೊಪ್ಪಿಕೊಂಡೆ. ರೆಡಿ ಫಂಕ್ಷನ್ ಹಾಕಿದೆ. ಅರವತ್ತೊಂದೂ ಪಟ್ಟಿಗೆ ಬಂದವು. ಸಂಪಾದಕಿ ತಂಗಿಯ ಲಿಂಕ್ ಒತ್ತಿದರು. ‘ಈ ಪುಟ ಇಲ್ಲ’ ಎಂದು ಬಂತು.

ತಂಗಿಗೆ ಫೋನ್ ಮಾಡಿದೆ.

“ನಿನ್ನೆ ಎಲ್ಲಾ ಅಳಿಸ್ಬಿಟ್ಟೆ ಅಣ್ಣ. ಪಳಗಿಲ್ಲ ಅಂದ್ಯಲ್ಲ.”

“ತಪ್ಪು ನಿಂದಲ್ಲ ಕಣೇ, ನನ್ನ ಕೋಡಿಂದು. ಕಾಗದದ ಮೇಲಿನ ಚಿತ್ರಗಳನ್ನಾದ್ರೂ ಇಟ್ಕೊಂಡಿದೀಯಾ?”

“ಇಟ್ಕೊಂಡಿದೀನಿ.”

“ಹೊತ್ಕೊಂಡು ಈಗ್ಲೇ ಬಾ.”

ಬಂದಳು. ನನ್ನ ಮುಖ ನೋಡಲಿಲ್ಲ. ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಫ್ಯಾನಿನ ಗಾಳಿಗೆ ಅವು ಏಳತೊಡಗಿದವು. ನಿಂತೇ ನೋಡುತ್ತಿದ್ದ ಸಂಪಾದಕಿ ಮೂರನೆಯ ಹಾಳೆಗೆ ಬರುವಷ್ಟರಲ್ಲಿ ಕುರ್ಚಿ ಎಳೆದುಕೊಂಡು ಕೂತರು.

“ಇಷ್ಟು ದಿನ ಎಲ್ಲಿದ್ರಿ ನೀವು?”

ತಂಗಿ ನನ್ನತ್ತ ಬೊಟ್ಟು ಮಾಡಿದಳು. ನಾನು ಎರಡೂ ಕೈಯಿಂದ ಹಾಳೆಗಳ ಮೂಲೆ ಒತ್ತಿ ಹಿಡಿದು ನಿಂತಿದ್ದೆ. ಆ ವಾರ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.