ಇಟಲಿಗೆ ಬದಲು ಸ್ಯಾನ್ ಕ್ಲೆಮೆಂಟೆ

ನನ್ನ ಯಜಮಾನರು ನರಹರಿ, ಇಟಲಿಯ ಕಡಲತೀರದ ಊರೊಂದನ್ನು ತೋರಿಸುತ್ತೇನೆಂದು ಮದುವೆಯಾದ ಹೊಸತರಲ್ಲಿ ಮಾತು ಕೊಟ್ಟಿದ್ದರು. ತೋರಿಸಿದ್ದು ಸ್ಯಾನ್ ಕ್ಲೆಮೆಂಟೆಯನ್ನು. ಲಾಸ್ ಏಂಜಲಿಸ್‌ಗೂ ಸ್ಯಾನ್ ಡಿಯಾಗೋಗೂ ನಡುವೆ, ಡೈಮಂಡ್ ಬಾರ್ ಎಂಬ ಊರಿನ ನಮ್ಮ ಮನೆಯಿಂದ ಗಂಟೆಯ ದಾರಿ. ಬಿಳಿ ಗೋಡೆ, ಕೆಂಪು ಹೆಂಚು, ಇಳಿಜಾರಿನ ಕೊನೆಗೆ ಸಮುದ್ರ. "ಇಟಲಿ ಇದಕ್ಕಿಂತ ಇನ್ನೇನಿರತ್ತೆ ರಾಜಿ? ವೀಸಾನೂ ಬೇಡ," ಎಂದಿದ್ದರು. ಅಂದಿನಿಂದ ಪ್ರತಿ ವರ್ಷ ಮದುವೆಯ ದಿನಕ್ಕೆ ಅದೇ ಊರು, ಅದೇ ಪುಳಿಯೋಗರೆ, ಅದೇ ಜೋಕು. ಜಿಪುಣರೆಂದು ಬಾಯ್ತುಂಬ ಬೈದರೂ ಆ ಊರೆಂದರೆ ನನಗೂ ಇಷ್ಟ.

2016ರಲ್ಲಿ ಮಾತ್ರ ಹೊರಡುವ ಮುಂಚೆಯೇ ಮನೆಯಲ್ಲಿ ರಾದ್ಧಾಂತವಾಯಿತು. ಸ್ಯಾನ್ ಡಿಯಾಗೋದಿಂದ ಮಗಳು ಗಗನಾ ಫೋನ್ ಮಾಡಿ, "ಅಪ್ಪಾ, ಯುವರ್ ಐಸೈಟ್ ಈಸ್ ಬ್ಯಾಡ್. ಗಿವ್ ಅಮ್ಮ ದ ಕೀಸ್," ಎಂದುಬಿಟ್ಟಳು. ಇವರು ಕೀಯನ್ನು ಜೇಬಿಗೆ ಹಾಕಿಕೊಂಡೇ ಊಟಕ್ಕೆ ಕೂತರು. ಕಾರು ಓಡಿಸಲಾಗದಿದ್ದರೆ ಇಲ್ಲಿ ಮನುಷ್ಯ ಒಂದು ಕ್ಯಾನ್ ಹಾಲಿಗೂ ಇನ್ನೊಬ್ಬರ ಮುಖ ನೋಡಬೇಕು. ನಾನು ಇವರ ಪರ ನಿಂತೆ. ಅದರಲ್ಲಿ ಸ್ವಾರ್ಥವೂ ಇತ್ತು: ಅಂಗಡಿ, ಲೈಬ್ರರಿ ಎಂದು ಊರೊಳಗೆ ಓಡಿಸುತ್ತೇನೆಯೇ ಹೊರತು ಇಲ್ಲಿನ ಹೆದ್ದಾರಿ ಫ್ರೀವೇಯನ್ನು ಹೆದರಿ ಎಂದೂ ಹತ್ತಿದವಳಲ್ಲ.

ಪಕ್ಕದಲ್ಲಿ ಸುಮ್ಮನೆ ಕೂತರೂ ತಲೆ ಸುತ್ತುತ್ತದೆ. ಅದಕ್ಕೇ ಹಿತ್ತಲಿನ ಗಿಡದ ನಿಂಬೆಹಣ್ಣುಗಳನ್ನು ಬ್ಯಾಗಿಗೆ ತುಂಬಿಕೊಂಡು ದಾರಿಯುದ್ದಕ್ಕೂ ಮೂಸುತ್ತ ಕೂರುವುದು ನನ್ನ ಪದ್ಧತಿ. "ಏನು, ಶಿರಾಡಿ ಘಾಟಿ ಇಳೀತಿದೀವಾ?" ಎಂದು ನಗುವುದು ಇವರ ಪದ್ಧತಿ.

ಆವತ್ತು ನಗಲಿಲ್ಲ. "ಆ ಬೋರ್ಡಲ್ಲಿ ಏನಿದೆ, ಓದು ರಾಜಿ," ಎಂದರು. "ಯಾವ ಎಕ್ಸಿಟ್ ಬಂತು?" ಎಂದರು. ನಾನು ದಾರಿ ಹೇಳಿದರೆ ಇಷ್ಟು ವರ್ಷ ಸಿಡುಕುತ್ತಿದ್ದ ಮಹಾನುಭಾವರು. ಕೊನೆಗಾದರೂ ಹೆಂಡತಿಯ ಮಾತಿಗೆ ಬೆಲೆ ಬಂತಲ್ಲ ಎಂದು ಉಬ್ಬಿಹೋಗಿ, ಕಂಡ ಕಂಡ ಬೋರ್ಡನ್ನೆಲ್ಲ ಓದಿ ಹೇಳಿದೆ.

ಊರು ಎಂದಿನಂತೆ ಸದ್ದಿಲ್ಲದೆ ಬಿಸಿಲಲ್ಲಿ ಕೂತಿತ್ತು. ಸಮುದ್ರದೊಳಕ್ಕೆ ಚಾಚಿದ ಮರದ ಸೇತುವೆಯಂಥ ಪಿಯರ್‌ನ ಬುಡದಲ್ಲಿ ಊರಿನ ಚರಿತ್ರೆ ಬರೆದ ಬೋರ್ಡೊಂದಿತ್ತು. ಪ್ರತಿ ವರ್ಷ ಅದನ್ನು ಗಟ್ಟಿಯಾಗಿ ಓದಿ ಹೇಳದೆ ಇವರು ಮುಂದೆ ಹೆಜ್ಜೆ ಇಡುವವರಲ್ಲ.

"ಮೊದ್ಲು ಇಲ್ಲಿ ಬರೀ ಗುಡ್ಡ ಇತ್ತಂತೆ ರಾಜಿ," ಎಂದು ಶುರುಮಾಡಿದರು. "ಇಪ್ಪತ್ತರ ದಶಕದಲ್ಲಿ ಒಬ್ಬ ಬಂದು, ಕಟ್ಟೋ ಪ್ರತಿ ಮನೆಗೂ ಬಿಳಿ ಗೋಡೆ, ಕೆಂಪು ಹೆಂಚೇ ಇರಬೇಕು ಅಂತ..."

ನಾನು ಬೋರ್ಡಿನ ಕಡೆ ನೋಡಿದೆ. ಹಳೆಯದು ಹೋಗಿ ಅದೇ ಕಂಬಕ್ಕೆ ಹೊಸದು ಬಂದಿತ್ತು. ಅಲೆ ಜೋರಾಗಿದೆ, ನಾಯಿ ತರಬೇಡಿ, ಪಿಯರ್ ಮೇಲಿಂದ ಹಾರಬೇಡಿ. ಅದರ ಮುಂದೆ ನಿಂತು ಇವರು ಬಾಯಿಪಾಠ ಒಪ್ಪಿಸುತ್ತಿದ್ದರು. ಬೆರಳು ಬೇರೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು.

ಆಗ ಅರ್ಥವಾಯಿತು. ಅಷ್ಟು ದೂರವೂ ನನ್ನ ಕಣ್ಣಿನಲ್ಲಿ ಕಾರು ಓಡಿಸಿಕೊಂಡು ಬಂದಿದ್ದರು. ಮೊದಲು ಸಿಟ್ಟು ನೆತ್ತಿಗೇರಿತು. ಇಬ್ಬರೂ ಯಾವುದೋ ಟ್ರಕ್ಕಿನಡಿ ಹೋಗಬಹುದಿತ್ತು, ಜೊತೆಗೆ ಇನ್ಯಾರನ್ನೋ ಕರೆದುಕೊಂಡು. ಆಮೇಲೆ ಆ ಬೆರಳು ನೋಡಿ ಕರುಳು ಚುರುಕ್ಕೆಂದಿತು.

"ರೀ," ಎಂದೆ, "ಅದು ನಾಯಿ ತರಬೇಡಿ ಅನ್ನೋ ಬೋರ್ಡು."

ಬೆರಳು ನಿಂತಿತು. ಇವರು ಸಮುದ್ರದ ಕಡೆ ತಿರುಗಿದರು.

"ನಡುವೆಲ್ಲಾ ಮಸುಕು ರಾಜಿ. ಅಂಚು ಮಾತ್ರ ಕಾಣತ್ತೆ. ಇದೊಂದ್ಸಲ ನಾನೇ ನಿನ್ನನ್ನ ಕರ್ಕೊಂಡು ಬರಬೇಕು ಅಂತಿತ್ತು."

"ಕರ್ಕೊಂಡು ಬಂದ್ರಲ್ಲ. ವಾಪಸ್ ನಾನು ಕರ್ಕೊಂಡು ಹೋಗ್ತೀನಿ," ಎಂದುಬಿಟ್ಟೆ. ಹೇಳಿದ ಮೇಲೆ ಫ್ರೀವೇ ನೆನಪಾಯಿತು. ಪುಳಿಯೋಗರೆ ಸೇರಲಿಲ್ಲ.

ಕಾರಿನ ಹತ್ತಿರ ಇವರು ಕೀ ಕೊಟ್ಟರು. ಆಮೇಲೆ ನನ್ನ ಬ್ಯಾಗಿಗೆ ಕೈಹಾಕಿ ನಿಂಬೆಹಣ್ಣುಗಳನ್ನು ತೆಗೆದು, ಕಾರಿನ ಸುತ್ತ ತಡವರಿಸುತ್ತ ಬಗ್ಗಿ, ಒಂದೊಂದು ಚಕ್ರದ ಮುಂದೆ ಒಂದೊಂದನ್ನು ಇಟ್ಟರು. ಹೊಸ ಕಾರು ಕೊಂಡವರಿಗೆ ಮಾಲಿಬು ದೇವಸ್ಥಾನದಲ್ಲಿ ಭಟ್ಟರು ಇಟ್ಟುಕೊಡುವ ಹಾಗೆ.

"ಈ ಹಳೇ ಕ್ಯಾಮ್ರಿಗೆ ಇದೆಲ್ಲ ಯಾಕ್ರೀ?"

"ಡ್ರೈವರ್ ಹೊಸಬಳಲ್ವಾ."

ಹಣ್ಣುಗಳು ಪಚಕ್ಕೆಂದವು. ಫ್ರೀವೇ ಹತ್ತುವಾಗ ಎತ್ತಿನಗಾಡಿಯ ವೇಗದಲ್ಲಿದ್ದೆ. ಹಿಂದಿನವನು ಹಾರ್ನ್ ಹೊಡೆದ. ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಒಂದಷ್ಟು ದೂರ ಬಂದ ಮೇಲೆ ಧೈರ್ಯ ಮಾಡಿ ಪಕ್ಕಕ್ಕೆ ಕಣ್ಣು ಹೊರಳಿಸಿದೆ. ಒಂದು ನಿಂಬೆಹಣ್ಣನ್ನು ಇವರು ತಮಗೆಂದು ಉಳಿಸಿಕೊಂಡಿದ್ದರು. ಕಣ್ಣು ಮುಚ್ಚಿ ಅದನ್ನು ಮೂಸುತ್ತ ಕೂತಿದ್ದರು.

"ಏನ್ರೀ, ಶಿರಾಡಿ ಘಾಟಿ ಇಳೀತಿದೀವಾ?" ಎಂದೆ.

"ಹೂಂ," ಎಂದರು. "ನೀನು ರಸ್ತೆ ನೋಡು."