ಬೆಳೆಯುವವರ ಅಳತೆ

ಮಗಳು ಆಸ್ಪತ್ರೆ ಸೇರಿದ ಮೇಲೆ ಶಾಲೆಯ ವಿಜ್ಞಾನ ಮೇಳದ ಬೀನ್ಸ್ ಸಸಿ ಅಮ್ಮನ ಹೆಗಲಿಗೆ ಬಿತ್ತು. ಅಮ್ಮ ಮಕ್ಕಳ ಬಟ್ಟೆ ಹೊಲಿಯುವವಳು. ರಾಶಿ ಬಟ್ಟೆ ಬಾಕಿಯಿದ್ದರೂ ಬೆಳಿಗ್ಗೆ ಎದ್ದವಳೇ ಕುಂಡದ ಮುಂದೆ ಕೂತು, ಸಸಿಗೆ ಟೇಪು ಹಿಡಿದು, ಎತ್ತರವನ್ನು ಮಗಳ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಸಂಜೆ ಆ ನೋಟ್‌ಬುಕ್ಕನ್ನು ಆಸ್ಪತ್ರೆಗೆ ಒಯ್ದು ತೋರಿಸುತ್ತಿದ್ದಳು.

ಮೊದಲ ಸಲ ನೋಡಿದಾಗಲೇ ಮಗಳು ಹುಬ್ಬು ಗಂಟಿಕ್ಕಿದಳು. "ಏನಮ್ಮ ಇದು, ಒಂದೇ ರಾತ್ರೀಲಿ ಇಷ್ಟುದ್ದ ಆಯ್ತಾ?"

"ಒಂದಿಂಚು ಸೇರಿಸಿದೀನಿ ಕಣೆ. ಬೆಳೆಯೋರ ಅಳತೆ ಹಾಗೇ ಅಲ್ವಾ ಬರ್ಕೊಳ್ಳೋದು?"

ಮಗಳು ಕೆಮ್ಮು ಬರುವಷ್ಟು ನಕ್ಕಳು. "ಅಯ್ಯೋ, ಇದೇನು ಫ್ರಾಕಾ? ಮೇಡಂ ನನ್ನ ಕಿವಿ ಹಿಂಡ್ತಾರೆ. ಎಷ್ಟಿದೆಯೋ ಅಷ್ಟೇ ಬರಿ."

ಅಂದಿನಿಂದ ಅಮ್ಮ ಎಷ್ಟಿತ್ತೋ ಅಷ್ಟೇ ಬರೆದಳು. ಸಸಿ ಕಿಟಕಿಯ ಸರಳಿಗೆ ಸುತ್ತಿಕೊಂಡಿತು. ಮಗಳು ಮಾತ್ರ ದಿನದಿನಕ್ಕೆ ಇಳಿದುಹೋದಳು. ಮೇಳದ ದಿನ ಬರುವ ಮೊದಲೇ ಹೊರಟುಹೋದಳು.

ಮೇಳಕ್ಕೆಂದು ಹೊಲಿದಿಟ್ಟಿದ್ದ ಹೊಸ ಫ್ರಾಕನ್ನೇ ಅಮ್ಮ ಕೊನೆಯದಾಗಿ ಅವಳಿಗೆ ತೊಡಿಸಿದಳು. ಮೊಣಕಾಲ ಮೇಲೆ ಅಂಚನ್ನು ಎಳೆದು ಸರಿಮಾಡುವಾಗ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಿದರಾಯಿತೆಂದು ತಾನೇ ಒಳಗೆ ಮಡಚಿ ಹೊಲಿದಿದ್ದ ಬಟ್ಟೆ ಬೆರಳಿಗೆ ದಪ್ಪಗೆ ತಾಕಿತು.