ಮಜ್ಜಿಗೆಗೆ ಹೋದ ನನ್ನ ಐಸು

ನಾನೊಂದು ಲಸಿಕೆ ಪೆಟ್ಟಿಗೆ. ನೀಲಿ ಮೈ, ಬಿಳಿ ಮುಚ್ಚಳ, ಹೆಗಲಿಗೆ ಹಾಕಿಕೊಳ್ಳಲು ಒಂದು ಪಟ್ಟಿ. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬಿದ್ದ ನಾನು ಜೀವಮಾನವಿಡೀ ತಣ್ಣಗೇ ಇದ್ದೆ. ಈ ಕಥೆ ಹೇಳುವಾಗ ಮಾತ್ರ ತಣ್ಣಗಿರಲು ನನ್ನಿಂದಾಗದು.

ಗದಗ ಸೀಮೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನೀಲಗಂಗಾ ಸಿಸ್ಟರ್ ಕೈಗೆ ಬಂದೆ. ಹನ್ನೊಂದು ವರ್ಷ ಅವರ ಹೆಗಲೇ ನನ್ನ ಮನೆ. ಒಳಗೆ ನಾಲ್ಕೂ ಕಡೆ ಐಸ್ ಪ್ಯಾಕ್ ನಿಲ್ಲಿಸಿ, ನಡುವೆ ಔಷಧದ ಸೀಸೆಗಳನ್ನಿಟ್ಟು ಮುಚ್ಚಿದರೆ, ಮಗು ಎದುರಿಗೆ ಬಂದು ಕೂರುವವರೆಗೂ ಅವರು ಮುಚ್ಚಳ ತೆಗೆಯುತ್ತಿರಲಿಲ್ಲ.

ಹೋದ ಮಾರ್ಚಿನಲ್ಲಿ ಹೈಸ್ಕೂಲಿಗೆ ಎಚ್‌ಪಿವಿ ಲಸಿಕೆ ಹೊತ್ತು ಹೋದೆವು. ಆ ವೈರಸ್ ಮೈಯೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಕೂತು ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತರಬಲ್ಲದು. ಅಂದು ಲಸಿಕೆ ಇದ್ದದ್ದು ಹದಿನೈದು ತುಂಬದ ಹುಡುಗಿಯರಿಗೆ ಮಾತ್ರ. ಸಾಲಿನಲ್ಲಿ ಮೊದಲು ನಿಂತವಳು ಸುಶ್ಮಿತಾ ಹಡಪದ. ಅದೇ ರೋಗಕ್ಕೆ ಅವ್ವನನ್ನು ಕಳೆದುಕೊಂಡವಳು. ಇನ್ನು ನಾಲ್ಕೇ ದಿನಕ್ಕೆ ಅವಳಿಗೆ ಹದಿನೈದು ತುಂಬುತ್ತಿತ್ತು.

ಆದರೆ ಉದ್ಘಾಟನೆಯಾಗದೆ ಸೂಜಿ ಚುಚ್ಚುವ ಹಾಗಿಲ್ಲವಂತೆ. ನನಗೊಂದು ಹೂಮಾಲೆ ಹಾಕಿ ಮೇಜಿನ ಮೇಲೆ ಕೂರಿಸಿದರು. ಸಿಸ್ಟರ್ ಒಳಕೋಣೆಯಲ್ಲಿ ಪಾಲಕರ ಒಪ್ಪಿಗೆ ಪತ್ರಗಳನ್ನು ಜೋಡಿಸುತ್ತಿದ್ದರು. ಅಷ್ಟರಲ್ಲಿ ಹೆಡ್‌ಮಾಸ್ತರ್ ಹೊಂಬಳ ಸರ್ ಬಂದು, ಅತಿಥಿಗಳಿಗೆ ಬೆಚ್ಚಗಿನ ಮಜ್ಜಿಗೆ ಕೊಟ್ಟರೆ ಶಾಲೆಯ ಮರ್ಯಾದೆ ಏನಾದೀತು ಎನ್ನುತ್ತ, ನನ್ನ ನಾಲ್ಕೂ ಐಸ್ ಪ್ಯಾಕ್ ಕಿತ್ತು ಮಜ್ಜಿಗೆಯ ಕೊಳಗದಲ್ಲಿ ಮುಳುಗಿಸಿದರು. ದೇವರು ಕೊಟ್ಟರೂ ಪೂಜಾರಿ ಕೊಡ. ಬಾಯಿ ತೆರೆದೇ ಕೂತಿದ್ದೆ, ಕೂಗಲು ಬರಲಿಲ್ಲ.

ಪೆಂಡಾಲಿನ ಕಾವಿಗೆ ಮೂರು ತಾಸು ಬೆಂದೆ. ಅತಿಥಿ ಬಂದರು, ಟೇಪು ಕತ್ತರಿಸಿದರು, ಸೀಸೆ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡರು. ಮಜ್ಜಿಗೆ ಬಹಳ ತಣ್ಣಗಿದೆಯೆಂದು ಹೊಗಳಿ ಎರಡನೇ ಲೋಟ ಕುಡಿದು ಹೋದರು.

ಆಮೇಲೆ ಸಿಸ್ಟರ್ ನನ್ನೊಳಗೆ ಕೈಯಿಟ್ಟರು. ಅವರ ಮುಖ ಕಪ್ಪಿಟ್ಟಿತು.

"ಸರ, ಇಷ್ಟ್ ಬಿಸಿ ಆದ ಔಷಧ ನಾ ಹಾಕಂಗಿಲ್ರಿ. ಸಾಲಿನ್ಯಾಗ ನಿಂತ ಹುಡುಗ್ಯಾರಿಗೆ ಏನ್ ಹೇಳೂದು, ನೀವ ಹೇಳ್ರಿ."

ನಾಲ್ಕು ದಿನ ತಡವಾದರೆ ಆಕಾಶವೇನೂ ಬೀಳುವುದಿಲ್ಲ ಎಂದರು ಹೊಂಬಳ ಸರ್.

ಹೊಸ ಸೀಸೆಗಳು ಬಂದದ್ದು ಹತ್ತು ದಿನಕ್ಕೆ. ಉಳಿದವರಿಗೆಲ್ಲ ಲಸಿಕೆಯಾಯಿತು. ಸುಶ್ಮಿತಾಳ ಹೆಸರಿನ ಮೇಲೆ ಗೆರೆ ಬಿದ್ದಿತ್ತು. ಸಿಸ್ಟರ್ ಮೇಲಿನವರಿಗೆ ಫೋನ್ ಹಚ್ಚಿ ಬೇಡಿಕೊಂಡರು. ನಿಯಮ ನಿಯಮವೇ ಎಂಬ ಉತ್ತರ ಬಂತು. ನನ್ನ ಐಸು ತೆಗೆಯುವಾಗ ಆ ನಿಯಮ ಎಲ್ಲಿ ಮಲಗಿತ್ತೋ!

ಹುಡುಗಿ ಅಳಲಿಲ್ಲ. ಸಿಸ್ಟರ್ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಹದಿನೈದು ತುಂಬಿದ್ರ ಆ ವೈರಸ್ ನನ್ನ ಬಿಡತೈತೇನ್ರಿ, ಅಕ್ಕಾರ?"

ಸಿಸ್ಟರ್ ನನ್ನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡರು.

ಈಗ ನನ್ನ ಮುಚ್ಚಳದ ಕೀಲು ಮುರಿದಿದೆ. ಉಪಕೇಂದ್ರದ ಮೂಲೆಯಲ್ಲಿ, ತುಕ್ಕು ಹಿಡಿದ ತೂಕದ ಯಂತ್ರದ ಪಕ್ಕ ಕೂತಿದ್ದೇನೆ. ಎದುರಿನ ಗೋಡೆಯ ಮೇಲೆ ಆ ದಿನದ ಫೋಟೊ ಇದೆ. ಕೆಳಗೆ 'ಅಭಿಯಾನ ಯಶಸ್ವಿ' ಎಂದು ಬರೆದಿದೆ. ಅತಿಥಿ ನಗುತ್ತಿದ್ದಾರೆ. ಅವರ ಹಿಂದೆ ಸಾಲಿನ ಮೊದಲಿಗೆ, ಸುಶ್ಮಿತಾ ಅಂಗಿಯ ತೋಳು ಮಡಚಿಕೊಂಡು ಇನ್ನೂ ನಿಂತೇ ಇದ್ದಾಳೆ.